ಜಿಪ್ಸಿಯ ಮುಂದಿನ ಶ್ಯಾಕಲ್‌ಗಳನ್ನು ಮನೆಯಲ್ಲೇ ಮಾಡುತ್ತಿದ್ದೇನೆ, ತಿಳಿದವರು ತಿದ್ದಿ

ಕಾಫಿತೋಟದ ಜಿಪ್ಸಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1998ರ ಮಾರುತಿ ಜಿಪ್ಸಿ ಕಿಂಗ್ ಜೀಪು ಇದೆ. ತೋಟದೊಳಗೆ ಗೊಬ್ಬರ, ಮೆಣಸಿನ ಮೂಟೆ ಹೊರುತ್ತದೆ, ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ಬರುತ್ತದೆ. ಎರಡು ವರ್ಷದ ಹಿಂದೆ ಕೊಂಡ ದಿನದಿಂದಲೂ ಅದಕ್ಕೊಂದು ಕಾಯಿಲೆ. ಗಂಟೆಗೆ 60 ಕಿಲೋಮೀಟರ್ ದಾಟಿದರೆ ಸ್ಟೀರಿಂಗ್ ಅಲೆಯುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ, ನಾವೇ ತಿರುಗಿಸಿ ತರಬೇಕು. ಟೈರ್ ಬದಲಿಸಿದೆ, ಬೇರಿಂಗ್ ಬದಲಿಸಿದೆ, ಸ್ಟೀರಿಂಗ್‌ನ ಟೈ ರಾಡ್ ತುದಿಗಳನ್ನೂ ಬದಲಿಸಿದೆ. ಹಣ ಹೋಯಿತು, ಕಾಯಿಲೆ ಹಾಗೇ ಉಳಿಯಿತು.

ಕಳೆದ ವಾರ ಗಾಡಿಯ ಕೆಳಗೆ ಮಲಗಿ ಒಂದೊಂದೇ ಭಾಗವನ್ನು ಒರೆಸಿ ನೋಡಿದೆ. ಮುಂದಿನ ಶ್ಯಾಕಲ್‌ಗಳು ಕಂಪನಿಯವಲ್ಲ, ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಮಾಡಿ ಹಾಕಿದವು. ಪಕ್ಕದ ತೋಟದಲ್ಲಿ ಯಾರೂ ಕೈ ಹಾಕದ ಜಿಪ್ಸಿ ಒಂದಿದೆ. ಅದರ ಜೊತೆ ನನ್ನದನ್ನು ನಿಲ್ಲಿಸಿ ಅಳೆದೆ. ನನ್ನ ಶ್ಯಾಕಲ್‌ಗಳು 40 ಮಿಲಿಮೀಟರ್ ಹೆಚ್ಚು ಉದ್ದ ಇವೆ. ಗಾಡಿಯ ಮೂತಿ ಎತ್ತರ ಕಾಣಲಿ ಎಂದು ಮಾಡಿರಬೇಕು.

ಈ ವಿಷಯ ಹೊಸದಾದವರಿಗೆ ಒಂದು ಮಾತು. ಜಿಪ್ಸಿಗೆ ನಾಲ್ಕೂ ಕಡೆ ಬ್ಲೇಡ್ ಸ್ಪ್ರಿಂಗ್. ಸ್ಪ್ರಿಂಗ್‌ನ ಒಂದು ಕಣ್ಣು, ಅಂದರೆ ತುದಿಯ ಬಳೆ, ಬೋಲ್ಟ್‌ನಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ನೇರವಾಗಿ ಕೂಡಿರುತ್ತದೆ. ಭಾರ ಬಿದ್ದಾಗ ಬಾಗಿದ ಬ್ಲೇಡ್ ಚಪ್ಪಟೆಯಾಗಿ ಉದ್ದವಾಗುವುದರಿಂದ ಇನ್ನೊಂದು ಕಣ್ಣಿಗೆ ಓಡಾಡಲು ಜಾಗ ಬೇಕು. ಆ ಕಣ್ಣನ್ನು ಚಾಸಿಗೆ ಜೋಡಿಸಿ ಉಯ್ಯಾಲೆಯಂತೆ ತೂಗುವ ಎರಡು ಪಟ್ಟಿಗಳೇ ಶ್ಯಾಕಲ್. ನೋಡಲು ಏನೂ ಅಲ್ಲದಂಥ ಭಾಗ. ಎರಡು ಪಟ್ಟಿ, ನಾಲ್ಕು ರಂಧ್ರ, ಎರಡು ಬೋಲ್ಟ್, ಬೋಲ್ಟ್ ಸುತ್ತ ಕೂರುವ ರಬ್ಬರ್ ಬುಷ್‌ಗಳು.

ಹೊಸದನ್ನು ಕೊಂಡು ತಂದೆ. ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟರೆ ರಂಧ್ರಗಳು ಹೊಂದಲಿಲ್ಲ, ಒಂದು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ಹಿಂದಿರುಗಿಸಿದೆ. ಮನೆಯಲ್ಲಿ ವೈಸ್ ಇದೆ, ಸ್ಟ್ಯಾಂಡಿಗೆ ಕೂರಿಸುವ ಡ್ರಿಲ್, ಕೈ ಗ್ರೈಂಡರ್, ಹ್ಯಾಕ್ಸಾ, ಅರಗಳು, ವರ್ನಿಯರ್ ಇವೆ. ಮೂಲ ಅಳತೆಯ ಶ್ಯಾಕಲ್ ಅನ್ನು ನಾನೇ ಮಾಡಬೇಕೆಂದಿದ್ದೇನೆ. ತಪ್ಪಿದ್ದರೆ ಈಗಲೇ ಹೇಳಿ.

ನಿವೃತ್ತ ಡಿಪೋ ಮೆಕ್ಯಾನಿಕ್, ಚಿತ್ರದುರ್ಗ

ಮಾಡಿ. ಆದರೆ ಬಿಚ್ಚಿದ ಹಳೆಯ ಬೋಲ್ಟ್‌ಗಳನ್ನು ಎಸೆಯುವ ಮೊದಲು ಅವುಗಳ ಮೈ ನೋಡಿ. ತಲೆಯವರೆಗೂ ಮರೆ (ನಟ್ ತಿರುಗುವ ತಿರುಪಿನ ಗೀರು) ಇರುವ ಬೋಲ್ಟ್ ಹಾಕಿದ್ದಾರೆಯೇ?

ಕಾಫಿತೋಟದ ಜಿಪ್ಸಿ

ಹೌದು ಯಜಮಾನರೇ, ಪೂರ್ತಿ ಮರೆ ಇರುವವು. ತಲೆಯ ಮೇಲೆ ಯಾವ ಅಂಕಿಯೂ ಇಲ್ಲ.

ನಿವೃತ್ತ ಡಿಪೋ ಮೆಕ್ಯಾನಿಕ್

ಹಾಗಾದರೆ ಪಟ್ಟಿಯ ರಂಧ್ರಗಳು ಮೊಟ್ಟೆಯಾಕಾರಕ್ಕೆ ಬಂದಿರುತ್ತವೆ. ಮರೆಯ ಏಣುಗಳು ಅರದಂತೆ ಕೆಲಸ ಮಾಡುತ್ತವೆ. ಪ್ರತಿ ಗುಂಡಿಗೂ ಒಂದಿಷ್ಟು ಕಬ್ಬಿಣ ಉದುರುತ್ತದೆ. ಪಟ್ಟಿ ಕೂತಿರುವ ಜಾಗದಲ್ಲಿ ಬೋಲ್ಟ್‌ನ ನುಣುಪಾದ ಮೈಯೇ ಇರಬೇಕು, ಮರೆ ಆಚೆಯ ಪಟ್ಟಿ ದಾಟಿದ ಮೇಲೆ ಶುರುವಾಗಬೇಕು. ಅಂಗಡಿಗೆ ಹೋಗುವಾಗ ಎರಡು ಪಟ್ಟಿಯ ದಪ್ಪ, ನಡುವಿನ ಬುಷ್‌ನ ಅಗಲ, ವಾಷರ್ ಎಲ್ಲ ಕೂಡಿಸಿ ಬರೆದುಕೊಂಡು ಹೋಗಿ. ತಲೆಯ ಮೇಲೆ ಗಟ್ಟಿತನದ ಗುರುತಾಗಿ 8.8 ಎಂದು ಒತ್ತಿದ್ದನ್ನೇ ಕೊಳ್ಳಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋದರೆ ನುಣುಪು ಭಾಗದ ಉದ್ದವನ್ನು ನೋಡಿ ಆರಿಸಲು ಸಿಗುತ್ತವೆ. ನಟ್ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವಂಥದ್ದು) ಇರಲಿ, ಒಮ್ಮೆ ಬಿಚ್ಚಿದ ನೈಲಾಕ್ ಅನ್ನು ಮತ್ತೆ ಹಾಕಬೇಡಿ.

ಇನ್ನೊಂದು. ನಿಮ್ಮ ಹಳೆಯ ಪಟ್ಟಿಗಳಿಂದ ಅಳತೆ ತೆಗೆಯಬೇಡಿ. ಪಕ್ಕದ ತೋಟದ ಗಾಡಿಯಿಂದ ತೆಗೆಯುವಾಗಲೂ ರಂಧ್ರ ಸವೆದಿರಬಹುದು. ಗಾಡಿಯ ಭಾರ ಶ್ಯಾಕಲ್ ಅನ್ನು ಒತ್ತುತ್ತದೆ, ಹಾಗಾಗಿ ಎರಡು ರಂಧ್ರಗಳೂ ಒಂದಕ್ಕೊಂದು ಎದುರಾದ ಬದಿಯಲ್ಲಿ ಸವೆಯುತ್ತವೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಒಂದು ರಂಧ್ರದ ಮೂಲ ವ್ಯಾಸ ಕಳೆಯಿರಿ. ಅದು ನಿಜವಾದ ಮಧ್ಯದಿಂದ ಮಧ್ಯದ ಅಂತರ.

ಪಾಲಿಟೆಕ್ನಿಕ್ ಮೇಷ್ಟ್ರು, ದಾವಣಗೆರೆ

ಸ್ಟೀರಿಂಗ್ ಅಲೆಯುವುದಕ್ಕೂ 40 ಮಿಲಿಮೀಟರಿಗೂ ಇರುವ ಸಂಬಂಧವನ್ನು ಲೆಕ್ಕದಲ್ಲಿ ತೋರಿಸುತ್ತೇನೆ, ಏಕೆಂದರೆ ನೀವು ಬದಲಿಸಿದ ಟೈ ರಾಡ್‌ಗಳ ಹಣ ಇದನ್ನು ತಿಳಿದಿದ್ದರೆ ಉಳಿಯುತ್ತಿತ್ತು.

ಜಿಪ್ಸಿಯ ಮುಂದಿನ ಸ್ಪ್ರಿಂಗ್‌ನಲ್ಲಿ ಶ್ಯಾಕಲ್ ಇರುವುದು ಬಂಪರ್ ಕಡೆಗೆ. ಅದನ್ನು ಉದ್ದ ಮಾಡಿದರೆ ಚಾಸಿಗೆ ಹೋಲಿಸಿದಂತೆ ಸ್ಪ್ರಿಂಗ್‌ನ ಮುಂದಿನ ಕಣ್ಣು ಕೆಳಗಿಳಿಯುತ್ತದೆ, ಹಿಂದಿನ ಕಣ್ಣು ಇದ್ದಲ್ಲೇ ಇರುತ್ತದೆ. ಎರಡು ಕಣ್ಣುಗಳ ನಡುವೆ 90 ಸೆಂಟಿಮೀಟರ್ ಎಂದು ಹಿಡಿದರೆ 40 ಮಿಲಿಮೀಟರ್ ಇಳಿತಕ್ಕೆ ಸ್ಪ್ರಿಂಗ್ ಸುಮಾರು ಎರಡೂವರೆ ಡಿಗ್ರಿ ಮುಂದಕ್ಕೆ ವಾಲುತ್ತದೆ. ಅದಕ್ಕೆ ಬಿಗಿದಿರುವ ಆಕ್ಸಲ್ ಕೂಡ ಅಷ್ಟೇ ತಿರುಗುತ್ತದೆ. ಆಕ್ಸಲ್ ಸ್ಪ್ರಿಂಗ್‌ನ ನಡುವೆ ಇರುವುದರಿಂದ ಗಾಡಿ ಎತ್ತರವಾಗುವುದು ಅದರ ಅರ್ಧ ಮಾತ್ರ, ಅಂದರೆ 20 ಮಿಲಿಮೀಟರ್. ಜಿಪ್ಸಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ, 2375 ಮಿಲಿಮೀಟರ್. ಮೂತಿ 20 ಮಿಲಿಮೀಟರ್ ಎದ್ದಾಗ ಇಡೀ ಚಾಸಿ ಅರ್ಧ ಡಿಗ್ರಿ ಹಿಂದಕ್ಕೆ ವಾಲಿ ಒಂದಿಷ್ಟನ್ನು ಮರಳಿ ಕೊಡುತ್ತದೆ. ಕೊನೆಗೆ ಕಳೆದುಕೊಂಡದ್ದು ಎರಡು ಡಿಗ್ರಿ.

ಕಳೆದುಹೋದ ಆ ಕೋನದ ಹೆಸರು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದನ್ನು ನೋಡಿದ್ದೀರಿ. ಆ ವಾಲುವಿಕೆಯಿಂದಲೇ ಕೈ ಬಿಟ್ಟರೂ ಚಕ್ರ ನೇರಕ್ಕೆ ಬರಲು ನೋಡುತ್ತದೆ. ಇಂಥ ಗಾಡಿಗಳಲ್ಲಿ ಕ್ಯಾಸ್ಟರ್ ಇರುವುದೇ ಕೆಲವು ಡಿಗ್ರಿ. ಅದರಲ್ಲಿ ಎರಡು ಹೋದರೆ ಚಕ್ರಕ್ಕೆ ನೇರ ಯಾವುದೆಂಬುದೇ ಮರೆತುಹೋಗುತ್ತದೆ. ನಿಮ್ಮ ಗಾಡಿಯ ಲಕ್ಷಣ ಅಕ್ಷರಶಃ ಅದೇ.

ಮೂಲ ಅಳತೆಗೆ ಮರಳಿಸುವ ನಿಮ್ಮ ನಿರ್ಧಾರಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಹೊಸ ಚಾಲಕ, ಮಂಡ್ಯ

ಸರ್, ನನ್ನ ಹತ್ತಿರವೂ ಜಿಪ್ಸಿ ಇದೆ. ನನಗೆ ಗಾಡಿ ನಾಲ್ಕು ಇಂಚು ಎತ್ತರ ಬೇಕು. ಉದ್ದದ ಶ್ಯಾಕಲ್ ಮಾಡಿ, ಸ್ಪ್ರಿಂಗ್‌ಗೆ ಇನ್ನೊಂದು ಬ್ಲೇಡ್ ಬೆಸುಗೆ ಹಾಕಿಸಿದರೆ ಆಗುತ್ತದೆ ಎಂದು ಗೆಳೆಯರು ಹೇಳುತ್ತಿದ್ದಾರೆ. ಬೆಸುಗೆ ಯಂತ್ರ ನನ್ನ ಬಳಿಯೇ ಇದೆ. ಅಳತೆ ಹೇಳಿಕೊಡಿ.

ಪಾಲಿಟೆಕ್ನಿಕ್ ಮೇಷ್ಟ್ರು

ತಮ್ಮಾ, ಮೇಲಿನ ಲೆಕ್ಕವನ್ನೇ ಮತ್ತೊಮ್ಮೆ ಓದಿ. ಎತ್ತರ ಸಿಗುವುದು ಉದ್ದ ಮಾಡಿದ್ದರ ಅರ್ಧ. ನಾಲ್ಕು ಇಂಚು ಬೇಕಾದರೆ ಶ್ಯಾಕಲ್ ಎಂಟು ಇಂಚು ಹೆಚ್ಚು ಉದ್ದ ಇರಬೇಕು. ಅಷ್ಟು ಉದ್ದದ ಪಟ್ಟಿ ತಿರುವಿನಲ್ಲಿ ಅಡ್ಡಕ್ಕೆ ಬಾಗುತ್ತದೆ, ಮುಂದಿನ ಆಕ್ಸಲ್ ಹನ್ನೆರಡೂವರೆ ಡಿಗ್ರಿಯ ಹತ್ತಿರ ತಿರುಗಿಬಿಡುತ್ತದೆ. ಆ ಗಾಡಿಯನ್ನು ನೇರ ಓಡಿಸಲು ಸಾಧ್ಯವೇ ಇಲ್ಲ. ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ.

ಬೆಸುಗೆಯ ಮಾತನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ. ಸ್ಪ್ರಿಂಗ್ ಬ್ಲೇಡ್ ಸಾಮಾನ್ಯ ಕಬ್ಬಿಣವಲ್ಲ. ಇಂಗಾಲವೂ ಸಿಲಿಕಾನ್ ಅಥವಾ ಕ್ರೋಮಿಯಮ್ಮೂ ಸೇರಿದ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡಿ ತಂದ ಹದ ಅದು. ಬೆಸುಗೆಯ ಶಾಖ ಬಿದ್ದ ಜಾಗದ ಪಕ್ಕದಲ್ಲೇ ಗಾಜಿನಂತೆ ಪೆಡಸಾದ ಒಂದು ಗೆರೆ ಹುಟ್ಟುತ್ತದೆ. ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಅದು ಮುರಿಯುವುದು ಮನೆಯ ಮುಂದೆ ನಿಂತಾಗಲ್ಲ, ಭಾರ ಹೊತ್ತು ಗುಂಡಿಗೆ ಇಳಿದಾಗ.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು.

ಸ್ಟುಟ್‌ಗಾರ್ಟ್‌ನಿಂದ ಒಬ್ಬ ಮೈಸೂರಿಗ

ಇಲ್ಲಿ ಜರ್ಮನಿಯಲ್ಲಿ ಜನ ಸಸ್ಪೆನ್ಷನ್ ಬದಲಿಸುತ್ತಾರೆ, ಆದರೆ ಬದಲಿಸಿದ ಮೇಲೆ ಟ್ಯೂವ್‌ನಂಥ ಪರೀಕ್ಷಾ ಸಂಸ್ಥೆಗೆ ಗಾಡಿ ಒಯ್ಯಬೇಕು. ಭಾಗಕ್ಕೆ ದಾಖಲೆ ಕೇಳುತ್ತಾರೆ, ಟೈರು ಎಲ್ಲಿಯಾದರೂ ತಾಗುತ್ತದೆಯೇ ಎಂದು ಸ್ಪ್ರಿಂಗ್ ಒತ್ತಿ ನೋಡುತ್ತಾರೆ, ಸರಿ ಇದ್ದರೆ ಗಾಡಿಯ ಪತ್ರದಲ್ಲಿ ಬರೆಯಿಸಿಕೊಳ್ಳಬೇಕು. ಇಲ್ಲದಿದ್ದರೆ ಗಾಡಿಗೆ ರಸ್ತೆಯ ಅನುಮತಿಯೇ ರದ್ದು. ನಮ್ಮಲ್ಲಿ ಪೂರ್ತಿ ನಿಷೇಧಕ್ಕಿಂತ ಇಂಥದೊಂದು ದಾರಿ ಇದ್ದಿದ್ದರೆ ಕದ್ದುಮುಚ್ಚಿ ಮಾಡುವ ಕೆಟ್ಟ ಕೆಲಸ ಕಡಿಮೆಯಾಗುತ್ತಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಸಕಲೇಶಪುರದವರ ಗಾಡಿಯಲ್ಲಿದ್ದದ್ದು ಅಂಥದ್ದೇ ಕೆಲಸ.

ಲೇತ್ ಮನೆ, ಹುಬ್ಬಳ್ಳಿ

ನಾನು ಮತ್ತು ನನ್ನ ತಮ್ಮ ಲೇತ್ ಇಟ್ಟುಕೊಂಡಿದ್ದೇವೆ. ಬುಷ್ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಶ್ಯಾಕಲ್‌ಗೆ ಬೋಲ್ಟ್, ಅದರ ಮೇಲೆ ಸ್ಲೀವ್ (ಕೊಳವೆ), ಅದರ ಮೇಲೆ ಬುಷ್ ಹೀಗೆ ಮೂರು ಪದರ ಮಾಡುವುದಾದರೆ ಉಕ್ಕಿನ ಸ್ಲೀವ್ ಬುಷ್‌ಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಉದ್ದ ಇರಲೇಬೇಕು. ಬೋಲ್ಟ್ ಬಿಗಿದಾಗ ಪಟ್ಟಿಗಳು ಸ್ಲೀವ್ ಅನ್ನು ಹಿಡಿಯಬೇಕು, ಬುಷ್ ಅನ್ನು ಹಿಂಡಬಾರದು. ನಮ್ಮಲ್ಲಿಗೆ ಬರುವ ಹಾಳಾದ ಕೆಲಸಗಳಲ್ಲಿ ಹೆಚ್ಚಿನವು ಇದೇ ತಪ್ಪಿನವು. ಸ್ಲೀವ್ ಗಿಡ್ಡ ಇರುತ್ತದೆ, ನಟ್ ಬಿಗಿದವರು ಬುಷ್ ಅನ್ನೇ ಒತ್ತಿ ಹಿಡಿದಿರುತ್ತಾರೆ, ಶ್ಯಾಕಲ್ ತೂಗುವುದನ್ನೇ ನಿಲ್ಲಿಸುತ್ತದೆ, ಗಾಡಿ ಎತ್ತಿನ ಗಾಡಿಯಂತೆ ಕುಕ್ಕುತ್ತದೆ. ಕೊನೆಗೆ ದೋಷ ಸ್ಪ್ರಿಂಗ್ ಮೇಲೆ.

ಬುಷ್‌ಗೆ ರಬ್ಬರ್ ಸಾಕು, ತೋಟದ ದಾರಿಗೆ ಅದೇ ಒಳ್ಳೆಯದು. ಪಾಲಿಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಬೇಕೆಂದರೆ ತುಂಬ ಗಟ್ಟಿಯಾದದ್ದು ಬೇಡ, ಚಕ್ರ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಾಗ ಕಣ್ಣು ತಿರುಚಲು ಅದು ಬಿಡುವುದಿಲ್ಲ. ಪಾಲಿಯುರಿಥೇನ್ ಸರಳನ್ನು ಲೇತ್‌ಗೆ ಹಾಕುವ ಮೊದಲು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಉಳಿಗೆ ಚೆನ್ನಾಗಿ ಕೂರುತ್ತದೆ. ಮೆತ್ತಗಿದ್ದಾಗ ಅದು ಕತ್ತರಿಸದೆ ಜಾರುತ್ತದೆ. ಸಿಲಿಕಾನ್ ಗ್ರೀಸ್ ಹಚ್ಚಿ. ರಬ್ಬರ್ ಬುಷ್‌ಗೆ ಸಾಮಾನ್ಯ ಗ್ರೀಸ್ ಬೇಡವೇ ಬೇಡ, ರಬ್ಬರ್ ಉಬ್ಬಿ ಕೊಳೆಯುತ್ತದೆ. ಕೂರಿಸಲು ಸೋಪಿನ ನೀರು ಸಾಕು.

ಹಳೆಯ ಬುಷ್ ತೆಗೆಯಲು ಗ್ಯಾಸ್ ಜ್ವಾಲೆ ಹಿಡಿಯುವವರಿದ್ದಾರೆ. ಕಣ್ಣಿನ ಹದ ಹೋಗುತ್ತದೆ, ಆ ಹೊಗೆಯೂ ಕೆಟ್ಟದ್ದು. ಉದ್ದನೆಯ ಬೋಲ್ಟ್, ಒಂದು ಪೈಪಿನ ತುಂಡು, ಎರಡು ದಪ್ಪ ವಾಷರ್ ಇದ್ದರೆ ನಿಧಾನವಾಗಿ ಎಳೆದು ತೆಗೆಯಬಹುದು.

ಕಾಫಿತೋಟದ ಜಿಪ್ಸಿ

ಅಕ್ಕಾ, ಸ್ಲೀವ್‌ನ ಮಾತು ಹೇಳಿ ದೊಡ್ಡ ಉಪಕಾರ ಮಾಡಿದಿರಿ. ನಾನು ಬುಷ್ ಮತ್ತು ಸ್ಲೀವ್ ಒಂದೇ ಉದ್ದಕ್ಕೆ ಕತ್ತರಿಸಿಟ್ಟಿದ್ದೆ. ಮತ್ತೆ ಮಾಡುತ್ತೇನೆ.

ಪಾಲಿಟೆಕ್ನಿಕ್ ಮೇಷ್ಟ್ರು

ಪಟ್ಟಿಯ ದಪ್ಪದ ಬಗ್ಗೆ ಖಾಸಗಿಯಾಗಿ ಇಬ್ಬರು ಕೇಳಿದ್ದಾರೆ, ಇಲ್ಲೇ ಹೇಳಿಬಿಡುತ್ತೇನೆ.

ಜನ, ಸಾಮಾನು ಸೇರಿ ಗಾಡಿ 1300 ಕಿಲೋ ಎಂದುಕೊಳ್ಳಿ. ಎಂಟು ಸ್ಪ್ರಿಂಗ್ ಕಣ್ಣುಗಳಿಗೆ ಹಂಚಿದರೆ ಒಂದಕ್ಕೆ 160 ಕಿಲೋ ಆಸುಪಾಸು. 12 ಮಿಲಿಮೀಟರ್‌ನ 8.8 ಬೋಲ್ಟ್ ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, 640ರವರೆಗೆ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ. ಎರಡು ಕಡೆ ಪಟ್ಟಿ ಇರುವಾಗ ಅದನ್ನು ಕತ್ತರಿಸಲು ಎಂಟು ಟನ್‌ಗೂ ಹೆಚ್ಚು ಬಲ ಬೇಕು. ಗುಂಡಿಗೆ ಬಿದ್ದಾಗ ಭಾರ ಐದು ಪಟ್ಟಾದರೂ ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಿದ್ದೂ ಶ್ಯಾಕಲ್‌ಗಳು ಮುರಿಯುತ್ತವೆ, ಏಕೆಂದರೆ ದಿನಕ್ಕೆ ಸಾವಿರಾರು ಸಲ ಬೀಳುವ ಸಣ್ಣ ಪೆಟ್ಟು ಗ್ರೈಂಡರ್ ಬಿಟ್ಟ ಒಂದು ಅಡ್ಡ ಗೀರಿನಲ್ಲಿ ಬಿರುಕಾಗಿ ಬೆಳೆಯುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಇದನ್ನೇ ಹೇಳುತ್ತೇನೆ: ದಪ್ಪ ಹೆಚ್ಚಿಸುವ ಮೊದಲು ಅಂಚನ್ನು ನೋಡಿ. ಗ್ರೈಂಡರ್‌ನ ಗುರುತುಗಳನ್ನು ಅರದಿಂದ ತೆಗೆಯಿರಿ, ಕೊನೆಯ ಉಜ್ಜು ಪಟ್ಟಿಯ ಉದ್ದಕ್ಕೇ ಇರಲಿ. ರಂಧ್ರದ ಎರಡೂ ಬಾಯಿಗಳ ಏಣನ್ನು ಮುರಿಯಿರಿ. ರಂಧ್ರದ ಮಧ್ಯದಿಂದ ಪಟ್ಟಿಯ ಅಂಚಿಗೆ ರಂಧ್ರದ ವ್ಯಾಸದ ಎರಡರಷ್ಟು ಜಾಗ ಬಿಡಿ. 50 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ದಪ್ಪದ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಚಪ್ಪಟೆ ಪಟ್ಟಿ) ಧಾರಾಳವಾಗಿ ಸಾಕು.

ಕಾಫಿತೋಟದ ಜಿಪ್ಸಿ

ಮೂರು ಭಾನುವಾರಗಳ ಕೆಲಸದ ವರದಿ.

ಫ್ಲಾಟ್ ಅನ್ನು ಹ್ಯಾಕ್ಸಾದಲ್ಲೇ ಕತ್ತರಿಸಿದೆ, ಕೈ ಸೋತಾಗ ಮಾತ್ರ ಗ್ರೈಂಡರ್. ನಾಲ್ಕು ಪಟ್ಟಿಗಳು. ಮೊದಲ ಪಟ್ಟಿಗೆ ಗೀಚುಮೊಳೆಯಿಂದ ಮಧ್ಯರೇಖೆ ಎಳೆದು, ಸೆಂಟರ್ ಪಂಚ್ ಹೊಡೆದು, 4 ಮಿಲಿಮೀಟರ್ ಬಿಟ್‌ನಿಂದ ದಾರಿ ಮಾಡಿಕೊಂಡು, 8, ಆಮೇಲೆ 12ಕ್ಕೆ ಹೋದೆ. ಒಂದೇ ಸಲ ದೊಡ್ಡ ಬಿಟ್ ಇಟ್ಟರೆ ಅದು ನಡೆದುಹೋಗುತ್ತದೆ. ಮುಖ್ಯವಾದ ಹೆಜ್ಜೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ವೈಸ್‌ನಲ್ಲಿ ಹಿಡಿದು ಮೊದಲ ಪಟ್ಟಿಯನ್ನೇ ಅಚ್ಚಾಗಿಟ್ಟುಕೊಂಡು ಒಂದು ರಂಧ್ರ ಕೊರೆದೆ. ಆ ರಂಧ್ರಕ್ಕೆ ಬೋಲ್ಟ್ ತೂರಿಸಿ ಬಿಗಿದ ಮೇಲೆ ಎರಡನೆಯದನ್ನು ಕೊರೆದೆ. ಈಗ ನಾಲ್ಕೂ ಪಟ್ಟಿಗಳ ಅಂತರ ಒಂದೇ. ವರ್ನಿಯರ್ ಹಿಡಿದು ನೋಡಿದಾಗ ಆದ ಸಂತೋಷವನ್ನು ಇಲ್ಲಿ ಬರೆದು ತಿಳಿಸಲು ಆಗುವುದಿಲ್ಲ.

ಒಂದು ತಪ್ಪು ಮಾಡಿದೆ. ಎರಡು ಪಟ್ಟಿಗಳು ಅಡ್ಡಕ್ಕೆ ಅಲುಗದಂತೆ ನಡುವೆ ಒಂದು ಪೈಪಿನ ತುಂಡನ್ನು ಬೆಸುಗೆ ಮಾಡಿಸಿದೆ. ಬೆಸುಗೆ ತಣ್ಣಗಾಗುವಾಗ ಎಳೆದುಕೊಂಡು ಪಟ್ಟಿಗಳು ಓರೆಯಾದವು, ಬೋಲ್ಟ್ ತೂರಲಿಲ್ಲ. ಅವೆರಡನ್ನೂ ಪಕ್ಕಕ್ಕಿಟ್ಟು ಹೊಸದಾಗಿ ಕೊರೆದೆ. ಎರಡನೇ ಸಲ ಬೋಲ್ಟ್, ಸ್ಲೀವ್ ಎಲ್ಲ ಹಾಕಿ ಬಿಗಿದು, ಎದುರು ಬದುರು ಚುಕ್ಕಿ ಬೆಸುಗೆ ಹಾಕಿಸಿ, ತಣಿಯಲು ಬಿಟ್ಟು, ಆಮೇಲೆ ಪೂರ್ತಿ ಮಾಡಿಸಿದೆ. ಸರಿಯಾಗಿ ಬಂತು. ಬೆಸುಗೆಯನ್ನು ನಾನು ಮಾಡಲಿಲ್ಲ, ಕೈ ಕುದುರಿದವರಿಂದ ಮಾಡಿಸಿದೆ.

ಬಿಚ್ಚುವಾಗ ಚಾಸಿಯನ್ನು ಎರಡು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಆಕ್ಸಲ್‌ಗೆ ಬೇರೆ ಜ್ಯಾಕ್ ಕೊಟ್ಟು ಸ್ಪ್ರಿಂಗ್‌ನ ಒತ್ತಡ ಸೊನ್ನೆಗೆ ತಂದ ಮೇಲಷ್ಟೇ ಬೋಲ್ಟ್ ಹೊಡೆದೆ. ಜ್ಯಾಕ್ ಒಂದನ್ನೇ ನಂಬಿ, ಅಥವಾ ಸೈಜುಗಲ್ಲಿನ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ. ಕಲ್ಲು ಸೀಳುತ್ತದೆ.

ನಿವೃತ್ತ ಡಿಪೋ ಮೆಕ್ಯಾನಿಕ್

ಬೋಲ್ಟ್‌ಗಳನ್ನು ಕೊನೆಯ ಬಿಗಿ ಮಾಡಿದ್ದು ಯಾವಾಗ? ಗಾಡಿ ಸ್ಟ್ಯಾಂಡ್ ಮೇಲಿದ್ದಾಗಲೋ, ಕೆಳಗಿಳಿಸಿದ ಮೇಲೋ?

ಕಾಫಿತೋಟದ ಜಿಪ್ಸಿ

ಸ್ಟ್ಯಾಂಡ್ ಮೇಲಿದ್ದಾಗ.

ನಿವೃತ್ತ ಡಿಪೋ ಮೆಕ್ಯಾನಿಕ್

ಸಡಿಲಿಸಿ. ಗಾಡಿ ನೆಲಕ್ಕಿಳಿದು ತನ್ನ ಭಾರಕ್ಕೆ ಕೂತ ಮೇಲೆ, ಬಂಪರ್ ಹಿಡಿದು ನಾಲ್ಕು ಸಲ ಕುಲುಕಿಸಿ ಬಿಗಿಯಿರಿ. ರಬ್ಬರ್ ಬುಷ್ ತಿರುಚಿಕೊಂಡೇ ಕೆಲಸ ಮಾಡುವುದು. ನೇತಾಡುತ್ತಿದ್ದಾಗ ಬಿಗಿದರೆ ನಿಂತ ಗಾಡಿಯಲ್ಲೂ ಅದು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬಿಗಿದ ಮೇಲೆ ನಟ್‌ನಿಂದ ಪಟ್ಟಿಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಐನೂರಾದ ಮೇಲೆ ಇನ್ನೊಮ್ಮೆ ನೋಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದರ್ಥ.

ಬಿರುಕು ನೋಡಲು ಯಂತ್ರ ಬೇಡ. ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ನಾವು ಡಿಪೋದಲ್ಲಿ ಎಷ್ಟೋ ಭಾಗಗಳನ್ನು ಹೀಗೆ ನೋಡಿದ್ದೇವೆ.

ಹೊಸ ಚಾಲಕ, ಮಂಡ್ಯ

ಎಲ್ಲವನ್ನೂ ಎರಡು ಸಲ ಓದಿದೆ. ಬೆಸುಗೆಯ ಯೋಚನೆ ಬಿಟ್ಟಿದ್ದೇನೆ. ನನ್ನ ಗಾಡಿಯ ಶ್ಯಾಕಲ್ ನೋಡಿದೆ, ಬುಷ್ ಪೂರ್ತಿ ಹರಿದಿದೆ, ಬೋಲ್ಟ್ ಕಬ್ಬಿಣಕ್ಕೇ ತಾಗುತ್ತಿದೆ. ಹಾಗಾದರೆ ಮನೆಯಲ್ಲಿ ಏನೇನು ಮಾಡಬಹುದು, ಏನನ್ನು ಮುಟ್ಟಬಾರದು ಎಂದು ಹೇಳಿಬಿಡಿ ಸರ್.

ಪಾಲಿಟೆಕ್ನಿಕ್ ಮೇಷ್ಟ್ರು

ಶ್ಯಾಕಲ್ ಪಟ್ಟಿ, ಸ್ಲೀವ್, ಬುಷ್, ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ರಬ್ಬರ್) ಕೂರಿಸುವ ಬ್ರಾಕೆಟ್, ಇಷ್ಟನ್ನು ಮೂಲ ಅಳತೆಗೆ ಮಾಡಿ. ಸ್ಟೀರಿಂಗ್‌ಗೆ ಸೇರಿದ ಯಾವುದನ್ನೂ ಮನೆಯಲ್ಲಿ ಮಾಡಬೇಡಿ: ಟೈ ರಾಡ್, ಡ್ರಾಗ್ ಲಿಂಕ್, ಸ್ಟೀರಿಂಗ್ ಆರ್ಮ್, ನಕಲ್. ಇವುಗಳಲ್ಲಿ ಒಂದು ಮುರಿದರೂ ಎರಡನೇ ಅವಕಾಶ ಇರುವುದಿಲ್ಲ. ಸ್ಪ್ರಿಂಗ್ ಅನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದಾಗಿ ಕೊಳ್ಳಿ, ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ. ಬ್ಲೇಡ್‌ಗಳನ್ನು ಸ್ಪ್ರಿಂಗ್ ಕೆಲಸದವರಿಗೇ ಬಿಡಿ.

ಲೇತ್ ಮನೆ, ಹುಬ್ಬಳ್ಳಿ

ಮಂಡ್ಯದ ತಮ್ಮಾ, ಕಣ್ಣಿನ ಒಳವ್ಯಾಸ ಮೂರು ಕಡೆ ಅಳೆದು ಕಳಿಸು. ಬೋಲ್ಟ್ ತಾಗುತ್ತಿದ್ದರೆ ಕಣ್ಣೂ ಸವೆದಿರಬಹುದು, ಅದನ್ನು ನೋಡದೆ ಬುಷ್ ಮಾಡಿದರೆ ಒಳಗೆ ಆಡುತ್ತದೆ.

ಕಾಫಿತೋಟದ ಜಿಪ್ಸಿ

ಹೇಳಿದಂತೆ ಸಡಿಲಿಸಿ, ನೆಲಕ್ಕಿಳಿಸಿ, ಮತ್ತೆ ಬಿಗಿದೆ. ನಿನ್ನೆ ಹಾಸನಕ್ಕೆ ಹೋಗಿ ಬಂದೆ. 70ರಲ್ಲಿ ಗಾಡಿ ಗೆರೆ ಎಳೆದಂತೆ ಹೋಯಿತು. ತಿರುವು ಮುಗಿದಾಗ ಸ್ಟೀರಿಂಗ್ ಕೈಯೊಳಗೆ ತಾನಾಗಿ ತಿರುಗಿ ನೇರಕ್ಕೆ ಬಂತು. ಎರಡು ವರ್ಷದಲ್ಲಿ ಮೊದಲ ಸಲ. ಪಕ್ಕದಲ್ಲಿದ್ದ ಹೆಂಡತಿ "ಈಗ ಏಕೆ ಬೈಯುತ್ತಿಲ್ಲ ಗಾಡಿಗೆ?" ಎಂದು ಕೇಳಿದಳು.

ಮನೆಗೆ ಬಂದ ಕೂಡಲೇ ಟಾರ್ಚ್ ಹಿಡಿದು ಬಿಳಿ ಗೆರೆಗಳನ್ನು ನೋಡಿದೆ. ನಾಲ್ಕರಲ್ಲಿ ಮೂರು ಹಾಗೇ ಇವೆ, ಬಲಗಡೆಯ ಕೆಳಗಿನದು ಒಂದು ಕೂದಲಿನಷ್ಟು ಸರಿದಿದೆ. ನಾಳೆ ಬೆಳಿಗ್ಗೆ ಹೊಸ ನೈಲಾಕ್ ಹಾಕಿ ಮತ್ತೆ ಗೆರೆ ಎಳೆಯುತ್ತೇನೆ.